ಸಾಹೇಬರು ಕೊಟ್ಟ ಚೂರು

ಶಿವಾಜಿನಗರದ ಚಪ್ಪಲಿ ಅಂಗಡಿಯ ಸಾಹೇಬರ ಎಡಗಾಲಿನ ಬೂಟು ಬಲಗಾಲಿನದಕ್ಕಿಂತ ಗಿಡ್ಡ. ಹೆಬ್ಬೆರಳು ಹೋದಮೇಲೆ ಅವರೇ ಕತ್ತರಿಸಿ ಹೊಲಿದುಕೊಂಡದ್ದು. ಯಾರಾದರೂ ನಕ್ಕರೆ ಅವರೂ ಸೇರಿಕೊಂಡು ನಗುತ್ತಿದ್ದರು.

ಮನುಷ್ಯರ ಮುಖಕ್ಕಿಂತ ಮೊದಲು ಕಾಲು ನೋಡುವ ಅಭ್ಯಾಸ ಅವರದು. ಆಸ್ಪತ್ರೆಯಲ್ಲಿ ಮೊದಲ ಸಲ ಕಂಡಾಗ ನನ್ನ ಚಪ್ಪಲಿ ಅರ್ಧ ಸೈಜು ಚಿಕ್ಕದು, ಅದಕ್ಕೇ ಮುಖ ಹೀಗಿದೆ ಎಂದುಬಿಟ್ಟರು. ನನ್ನ ಮುಖ ಹಾಗಿದ್ದದ್ದು ಕೆಲಸದಿಂದ. ಕ್ಯಾನ್ಸರ್ ಎಂದು ಆಗಷ್ಟೇ ಕೇಳಿಸಿಕೊಂಡವರ ಎದುರು ಕೂತು, ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆಂದು ನಮ್ಮ ಲ್ಯಾಬಿನ ಫ್ರೀಜರಿನಲ್ಲಿ ಇಟ್ಟುಕೊಳ್ಳಲೇ ಎಂದು ಕೇಳಬೇಕಿತ್ತು.

ಅವರದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್. ಉಗುರಿನಡಿ ಕಪ್ಪಾದಾಗ, ಬೂಟಿನ ಮರದ ಅಚ್ಚು ಬಿದ್ದು ರಕ್ತ ಕಟ್ಟಿದೆ ಎಂದುಕೊಂಡು ವರ್ಷ ತಳ್ಳಿದ್ದರು. ಬೆರಳು ತೆಗೆಯದೆ ಬೇರೆ ದಾರಿ ಇರಲಿಲ್ಲ. ಆದರೆ ಚೂರು ಕೊಡಲು ಅವರ ಹೆಂಡತಿ ಸುತರಾಂ ಒಪ್ಪಲಿಲ್ಲ. ಮೈಯಿಂದ ಬೇರೆಯಾದದ್ದು ಮಣ್ಣು ಸೇರಬೇಕು ಎಂದು ಅತ್ತರು. ಸಾಹೇಬರು ಗಡ್ಡ ಕೆರೆದುಕೊಂಡು ಹೆಂಡತಿಗೆ ಹೇಳಿದರು:

"ಅಳತೆ ಇಲ್ದೆ ಬೂಟು ಹೊಲಿಯೋಕಾಗುತ್ತಾ? ನನ್ ರೋಗದ ಅಳತೆ ಇವ್ರ ಹತ್ರ ಇರ್ಲಿ ಬಿಡು."

ಇಂದಿಗೂ ಬೇರೆ ರೋಗಿಗಳಿಗೆ ನಾನು ಹೇಳುವುದು ಇದನ್ನೇ. ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಬರುವುದಿಲ್ಲ.

ಚೂರು ನಮ್ಮಲ್ಲಿ ಉಳಿಯಿತು, ಮಿಕ್ಕ ಬೆರಳು ಖಬರಸ್ತಾನದ ಮಣ್ಣು ಸೇರಿತು. ಆಮೇಲೆ ಪರೀಕ್ಷೆಗೆ ರಕ್ತ ಕೊಡಲು ಬರುತ್ತಿದ್ದ ಗಂಡನ ಜೊತೆ ಆಗಾಗ ಬಂದರೂ ಆಕೆ ನನಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಒಮ್ಮೆ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗಲೇ ರಕ್ತದಲ್ಲಿ ರೋಗದ ಸುಳಿವು ಸಿಕ್ಕಿತು. ಡಾಕ್ಟರು ಕಣ್ಣಿಟ್ಟು ಕಾದರು. ಮುಂದಿನ ಸ್ಕ್ಯಾನಿನಲ್ಲಿ ಗಂಟು ಕಾಣಿಸಿದ ಕೂಡಲೇ, ಆ ಚೂರನ್ನು ಪರೀಕ್ಷಿಸಿ ಅವರ ರೋಗಕ್ಕೇ ಹೊಂದುವ ಮಾತ್ರೆ ಆರಿಸಿದರು. ಗಂಟು ಕರಗಿತು, ಸಾಹೇಬರು ಅಂಗಡಿಗೆ ಮರಳಿದರು. ಗಿರಾಕಿಗಳ ಪಾದ ತಿರುಗಿಸಿ ಮಚ್ಚೆ ಹುಡುಕುವುದು ಅವರ ಹೊಸ ಚಟವಾಯಿತು. ಫ್ರೇಜರ್ ಟೌನಿನ ಮದುಮಗಳೊಬ್ಬಳು ಪಾದದ ಮೆಹಂದಿ ಕಲೆಯನ್ನೇ ಕ್ಯಾನ್ಸರ್ ಎಂದು ಹೆದರಿ ನಮ್ಮಲ್ಲಿಗೆ ಓಡಿಬಂದದ್ದು ಈ ಪ್ರತಾಪದಿಂದಲೇ.

ಮಾತ್ರೆ ಕೆಲವು ವರ್ಷ ಕೈಹಿಡಿಯಿತು, ಆಮೇಲೆ ರೋಗ ಮರಳಿತು. ಕಳೆದ ರಂಜಾನಿಗೆ ಮುಂಚೆ ಸಾಹೇಬರು ಹೋಗಿಬಿಟ್ಟರು. ನಲವತ್ತನೆಯ ದಿನದ ಕಾರ್ಯ ಮುಗಿಸಿ ಅವರ ಹೆಂಡತಿ ಒಬ್ಬರೇ ನಮ್ಮ ಲ್ಯಾಬಿಗೆ ಬಂದರು. ಚೂರು ಇನ್ನೂ ಇದೆಯೇ ಎಂದು ಕೇಳಿದರು. ಇದೆ, ಬೇಕಿದ್ದರೆ ಒಯ್ದು ಮಣ್ಣು ಮಾಡಬಹುದು ಎಂದೆ. ನನಗೆ ನಿಜಕ್ಕೂ ಅಳು ಬಂದಿತ್ತು.

ಆಕೆ ಮೊದಲ ಸಲ ನನ್ನ ಕೈ ಹಿಡಿದುಕೊಂಡರು.

"ಬೇಡ ಬೇಟಿ. ಇನ್ನೊಬ್ರಿಗೆ ಔಷಧಿ ಹುಡ್ಕೋಕೆ ಆಗುತ್ತಲ್ವಾ? ಅವ್ರು ಅಂಗಡಿ ಬಿಟ್ಟು ಮಣ್ಣಲ್ಲಿ ಸುಮ್ನೆ ಮಲಗಿರೋದನ್ನ ನಂಗೆ ನೋಡೋಕಾಗ್ತಿಲ್ಲ. ಅಷ್ಟು ಚೂರಾದ್ರೂ ಕೆಲ್ಸ ಮಾಡ್ತಿರ್ಲಿ."