ಕೊನೆಯ ಇನ್ನಿಂಗ್ಸಿಗೆ ಉಳಿಸಿಟ್ಟ ಮಗಳು

ನನ್ನ ಗಂಡ ಮೈಸೂರಿನಲ್ಲಿ ಕಾಲೇಜು ಕ್ರಿಕೆಟ್ ತಂಡದ ಕ್ಯಾಪ್ಟನ್ ಆಗಿದ್ದವರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಗತ್ತು ಇಳಿದಿಲ್ಲ. ಇಡ್ಲಿ ಹಿಟ್ಟು ಉಬ್ಬದಿದ್ದರೆ ಅದಕ್ಕೂ ಒಂದು ತಂತ್ರ ಹೇಳುತ್ತಾರೆ. ಹಾಗಾಗಿ ಎರಡು ಸಾವಿರದ ಆರರ ಬೇಸಿಗೆಯಲ್ಲಿ, ಅಮೆರಿಕದ ನಮ್ಮೂರು ಫೋರ್ಟ್ ಮಿಲ್‌ನ ಮಕ್ಕಳ ಬೇಸ್‌ಬಾಲ್ ತಂಡದ ಕೋಚ್, ರಾಲಿ ಊರಿನಲ್ಲಿ ತಂಗಿಯ ಮದುವೆ ಎಂದು ಸೀಸನ್ನಿನ ಕೊನೆಯ ಪಂದ್ಯವನ್ನು ಇವರ ಕೈಗೊಪ್ಪಿಸಿ ಹೋದಾಗ ನನಗೆ ಒಳಗೊಳಗೇ ಭಯವಾಯಿತು. ಅದುವರೆಗೆ ಆ ತಂಡಕ್ಕೆ ಇವರು ಮಾಡಿದ ಸೇವೆ ಎಂದರೆ ಪ್ರಾಕ್ಟೀಸಿನಲ್ಲಿ ಚೆಂಡು ಎಸೆದುಕೊಟ್ಟದ್ದು ಮತ್ತು ನೀರಿನ ಕೂಲರಿಗೆ ಐಸ್ ತುಂಬಿದ್ದು.

ಆ ತಂಡದಲ್ಲಿದ್ದ ಒಬ್ಬಳೇ ಹುಡುಗಿ ನಮ್ಮ ಮಗಳು. ಹನ್ನೆರಡು ವರ್ಷ, ಸಣಕಲು ಕೈ, ಆದರೆ ಪಿಚರ್. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದ ಹಾಗೆ, ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವಳು. ಮುಂದಿನ ವರ್ಷದಿಂದ ಹುಡುಗರು ದೊಡ್ಡ ಮೈದಾನಕ್ಕೆ ಹೋಗುತ್ತಾರೆ, ಹುಡುಗಿಯರಿಗೆ ಅಲ್ಲಿ ಜಾಗವಿಲ್ಲ, ದಿಬ್ಬವಿಲ್ಲದ ಸಾಫ್ಟ್‌ಬಾಲ್ ಆಡಬೇಕು ಎಂದು ಕೋಚ್ ಮೊದಲೇ ಹೇಳಿದ್ದರು. ಅಂದರೆ ಅವಳು ದಿಬ್ಬ ಹತ್ತುವುದು ಇದೇ ಕೊನೆ. ವಾರವಿಡೀ ಅವಳದು ಒಂದೇ ಜಪ. "ಲಾಸ್ಟ್ ಪಿಚ್ ನಾನೇ ಹಾಕ್ಬೇಕು ಅಮ್ಮ. ಗೆದ್ರೂ ಸೋತ್ರೂ ಪರ್ವಾಗಿಲ್ಲ. ಜಸ್ಟ್ ದ ಲಾಸ್ಟ್ ಒನ್."

ಇವರೂ ಅದನ್ನು ಕೇಳಿಸಿಕೊಂಡಿದ್ದರು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಇವರನ್ನು ತಪ್ಪು ತಿಳಿಯುತ್ತಾರೆ.

ಶನಿವಾರ ಬೆಳಗ್ಗೆ ಕಾರಿನಲ್ಲಿ ಇವರ ಉಪದೇಶ ಶುರುವಾಯಿತು. "ನೋಡು ಪುಟ್ಟಿ, ಫೀಲ್ಡಲ್ಲಿ ನಾನು ನಿನ್ ಅಪ್ಪ ಅಲ್ಲ, ಕೋಚ್. ನಾನ್ ಹೇಳಿದ್ಮೇಲೆ ಆಯ್ತು, ಎದುರು ಮಾತಾಡೋ ಹಾಗಿಲ್ಲ. ಬೇರೆ ಮಕ್ಕಳ ಮುಂದೆ ಚೆನ್ನಾಗಿರಲ್ಲ."

"ಓಕೆ ಅಪ್ಪ."

"ಓಕೆ ಕೋಚ್ ಅನ್ನು."

"ಓಕೆ ಕೋಚ್," ಎಂದು ಅವಳು ಕಿಸಕ್ಕನೆ ನಕ್ಕಳು. ನನಗೂ ನಗು ಬಂತು.

ಮಕ್ಕಳ ಆಟದಲ್ಲಿ ಆರು ಇನ್ನಿಂಗ್ಸ್, ಒಂದೊಂದರಲ್ಲೂ ಎರಡೂ ತಂಡಗಳು ಬ್ಯಾಟ್ ಮಾಡುತ್ತವೆ. ಮೊದಲ ನಾಲ್ಕರಲ್ಲಿ ನಮ್ಮ ಹುಡುಗಿ ಎದುರು ತಂಡದವರನ್ನು ಅಲ್ಲಾಡಲು ಬಿಡಲಿಲ್ಲ. ನಾನು ಮೈದಾನದ ಪಕ್ಕದ ಮೆಟ್ಟಿಲಿನ ಮೇಲೆ ಕೂತು, ಪುಳಿಯೋಗರೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ತಾಯಂದಿರ ಮುಂದೆ ಸ್ವಲ್ಪ ಬೀಗುತ್ತಲೇ ಇದ್ದೆ. ಬುಲ್‌ಪೆನ್ ಎಂದರೆ ಬದಲಿ ಪಿಚರ್‌ಗಳು ಕೈ ಪಳಗಿಸಿಕೊಳ್ಳುವ ಜಾಗ. ನಮ್ಮಲ್ಲಿ ಅದು ಬೇಲಿ ಪಕ್ಕದ ಒಂದಿಷ್ಟು ಹುಲ್ಲು. ಐದನೆಯ ಇನ್ನಿಂಗ್ಸಿಗೆ ಮೊದಲು ಅಲ್ಲಿ ಒಬ್ಬ ಹುಡುಗ ಚೆಂಡು ಎಸೆಯತೊಡಗಿದ್ದು ಕಂಡಿತು. ಇವರು ನೆಟ್ಟಗೆ ದಿಬ್ಬದ ಬಳಿ ಹೋಗಿ ಮಗಳ ಮುಂದೆ ಕೈ ಚಾಚಿದರು.

ಅವಳು ಒಂದು ಗಳಿಗೆ ಇವರ ಮುಖವನ್ನೇ ನೋಡಿದಳು. ಆಮೇಲೆ ಚೆಂಡನ್ನು ಕೈಗಿಟ್ಟು, ತಲೆ ತಗ್ಗಿಸಿಕೊಂಡು, ದೂರದ ಬಲಮೂಲೆಗೆ ಫೀಲ್ಡಿಂಗಿಗೆ ನಡೆದಳು.

ಪಕ್ಕದಲ್ಲಿದ್ದ ಅಮೆರಿಕದ ಹೆಂಗಸು "ಪೆಟ್ಟಾಯಿತೇ?" ಎಂದು ಕೇಳಿದಳು. ಇಲ್ಲ, ಸುಸ್ತಾಗದಿರಲಿ ಎಂದು ತೆಗೆದಿದ್ದಾರೆ, ಕೊನೆಗೆ ಮತ್ತೆ ಅವಳನ್ನೇ ಹಾಕುತ್ತಾರೆ ಎಂದೆ. ನನಗೆ ಗಂಡನ ತಂತ್ರ ಗೊತ್ತಿರದೇ ಇರುತ್ತದೆಯೇ? ಕೊನೆಯ ಸ್ಲಾಗ್ ಓವರುಗಳಿಗೆ ಒಳ್ಳೆಯ ಬೌಲರನ್ನು ಉಳಿಸಿಕೊಳ್ಳಬೇಕು ಎಂಬುದು ನಮ್ಮ ಮನೆಯ ವೇದವಾಕ್ಯ. ಆಕೆ ನನ್ನ ಮೊಣಕೈ ಹಿಡಿದುಕೊಂಡು ಮೆಲ್ಲಗೆ, "ಹನಿ, ಹಿ ಕಾಂಟ್," ಎಂದಳು. ಒಮ್ಮೆ ದಿಬ್ಬದಿಂದ ಇಳಿಸಿದ ಪಿಚರ್ ಆ ದಿನ ಮತ್ತೆ ಹತ್ತುವಂತಿಲ್ಲವಂತೆ.

ಡಬ್ಬಿಯನ್ನು ಅಲ್ಲೇ ಬಿಟ್ಟು ಬೇಲಿಯ ಹತ್ತಿರ ಓಡಿದೆ. ಅಷ್ಟರಲ್ಲಿ ಹೊಸ ಹುಡುಗ ಎಸೆಯಲು ಶುರುಮಾಡಿ ಆಗಿತ್ತು.

"ರೀ, ಅವಳನ್ನ ಮತ್ತೆ ಹಾಕೋಕಾಗಲ್ವಂತೆ ಕಣ್ರೀ!"

"ಯಾರೇ ಹೇಳಿದ್ದು?"

"ಅಲ್ಲಿ ಕೂತಿರೋ ಆಂಟಿ."

"ಆಂಟಿ ಕೋಚಾ, ನಾನು ಕೋಚಾ? ಹೋಗಿ ಕೂತ್ಕೋ. ಐ ಹ್ಯಾವ್ ಎ ಪ್ಲ್ಯಾನ್." ಎಂಥ ಸಿಟ್ಟು ಬಂತೆಂದರೆ, ಬೇಲಿ ಅಡ್ಡ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ.

ಆರನೆಯ ಇನ್ನಿಂಗ್ಸ್ ಬಂತು. ಒಂದೇ ಒಂದು ರನ್ ನಾವು ಮುಂದಿದ್ದೆವು. ಇವರು ಎದೆಯುಬ್ಬಿಸಿಕೊಂಡು ಹೊರಬಂದು, ಬಲಮೂಲೆಯ ಕಡೆ ತಿರುಗಿ, ಬಾ ಎಂದು ಎರಡೂ ಕೈ ಬೀಸಿ ಕರೆದರು. ಮಗಳು ಕದಲಲಿಲ್ಲ. ಮತ್ತೆ ಕರೆದರು. ಅವಳು ಗ್ಲೌಸನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಅಂಪೈರ್ ಮುಖದ ಕವಚ ಮೇಲೆತ್ತಿಕೊಂಡು ಬಂದು ಇವರ ಕಿವಿಯ ಬಳಿ ಏನೋ ಹೇಳಿದ. ಬೀಸುತ್ತಿದ್ದ ಕೈಗಳು ಹಾಗೇ ಮೇಲೆ ನಿಂತವು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಯ್ಯೋ ಎನಿಸಿತು, ಹಾಗೇ ಆಗಬೇಕು ಎಂದೂ ಎನಿಸಿತು.

ಆ ಹುಡುಗನೇ ಮುಂದುವರಿಸಿದ. ಪಾಪ, ಅವನ ಕೈ ಸೋತಿತ್ತು. ಎದುರು ತಂಡಕ್ಕೆ ಎರಡು ರನ್ ಹೋಯಿತು, ಆಮೇಲೆ ನಮ್ಮವರು ಬ್ಯಾಟ್ ಮಾಡಿ ಏನೂ ಗಿಟ್ಟಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎಲ್ಲರೂ ಕೈ ಕುಲುಕಿ ಮನೆಗೆ ಹೊರಟರು.

ಕಾರಿನಲ್ಲಿ ಇವರು ರೂಲು ಬರೆದವರನ್ನು ಬೈಯತೊಡಗಿದರು. "ಇದೆಂಥ ಆಟ! ರೆಸ್ಟ್ ಕೊಟ್ಟಿದ್ದೇ ತಪ್ಪಾ? ಲಾಸ್ಟ್ ಇನ್ನಿಂಗ್ಸ್ ಅವಳಿಗೇ ಅಂತ ಇಟ್ಟಿದ್ದೆ ಕಣೇ. ಅವಳಿಗೇ ಅಂತ!"

ನಾನು ಹಿಂದಿನ ಸೀಟಿನ ಕಡೆ ತಿರುಗಿ, "ಕರೆದಾಗ ಯಾಕೆ ಬರ್ಲಿಲ್ಲ ಪುಟ್ಟಿ?" ಎಂದೆ.

"ಬಿಕಾಸ್ ಐ ಕಾಂಟ್. ಎವ್ರಿಬಡಿ ನೋಸ್ ದ್ಯಾಟ್."

ನಾನು ದಂಗಾದೆ. "ನಿಂಗೆ ಗೊತ್ತಿತ್ತಾ? ಬಾಲ್ ಕೇಳಿದಾಗ್ಲೇ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಕೊಟ್ಟೆ? ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?"

"ಎದುರು ಮಾತಾಡ್ಬೇಡ ಅಂದ್ರಲ್ಲ. ನಾನು ಚೆನ್ನಾಗಿ ಹಾಕ್ತಿಲ್ಲ, ಅದಕ್ಕೆ ತೆಗೆದ್ರು ಅಂದ್ಕೊಂಡೆ." ಅಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು.

ಇವರು ದಾರಿಯಲ್ಲಿದ್ದ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾರು ನಿಲ್ಲಿಸಿದರು. ನಮ್ಮ ಎರಡೂ ಕಡೆಯ ಮನೆಗಳಲ್ಲಿ ದೊಡ್ಡವರು ಚಿಕ್ಕವರಿಗೆ ಸಾರಿ ಹೇಳುವ ಪದ್ಧತಿಯೇ ಇಲ್ಲ. ನನ್ನಪ್ಪ ನನಗೆ ಎಂದೂ ಹೇಳಿದವರಲ್ಲ. ಇವರು ಕನ್ನಡಿಯಲ್ಲಿ ಅವಳನ್ನು ನೋಡುತ್ತ, "ಸಾರಿ ಪುಟ್ಟಿ," ಎಂದರು.

"ಇಟ್ಸ್ ಓಕೆ, ಕೋಚ್," ಎಂದಳು ಅವಳು.

ಬೆಳಗ್ಗೆ ಹಾಗೆಂದಾಗ ನಕ್ಕಿದ್ದವಳು ಈಗ ನಗಲಿಲ್ಲ.