ಕೈಪಟ್ಟಿ ಮಾಡಿಸಿದ ಮದುವೆ

ಮಕ್ಕಳೇ, ನನ್ನ ಎಡಗಣ್ಣಿನ ಪೊರೆ ತೆಗೆಸಿದ್ದು ನಿಮ್ಮ ಅಜ್ಜ ತೀರಿಹೋದ ಮೇಲೆ. ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗಿ ಆಸ್ಪತ್ರೆ ಸೇರಿದೆ. ಅಲ್ಲಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಮನೆಗೆ ಬಂದ ಹೊಸ ಸೊಸೆಯನ್ನು ತೋರಿಸುವ ಹಾಗೆ ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು. ರೋಗಿಯ ಕೈಗೆ ಕಪ್ಪು ಗೆರೆಗಳ ಪಟ್ಟಿ ಕಟ್ಟುವುದು, ಆಪರೇಷನ್ನಿಗೆ ಮೊದಲು ಅದಕ್ಕೆ ಕೆಂಪು ಬೆಳಕು ಹಿಡಿಯುವುದು. ಯಾರು, ಯಾವ ಕಣ್ಣು ಎಂದು ಪರದೆಯೇ ಹೇಳುತ್ತದಂತೆ. ಇನ್ನು ತಪ್ಪು ಕಣ್ಣು ಕೊಯ್ಯುವ ಭಯವೇ ಇಲ್ಲವಂತೆ.

ಪಕ್ಕದ ಮಂಚದಲ್ಲಿ ಬಾಗಲಕೋಟೆ ಕಡೆಯವಳು, ಮಣಿಪಾಲದಲ್ಲಿ ಗಾರೆ ಕೆಲಸ ಮಾಡುವವನ ಹೆಂಡತಿ. ಅವಳದೂ ನನ್ನದೂ ಒಂದೇ ಹೆಸರು, ಅವಳಿಗೆ ಬಲಗಣ್ಣು. ಪಟ್ಟಿ ಕಟ್ಟಲು ಬಂದ ನರ್ಸ್, ಎರಡರಲ್ಲಿ ಯಾವುದು ಯಾರದೆಂದು ತಿಳಿಯಲು, ಚೀಟಿಯಲ್ಲಿ ಮೊದಲೇ ಬರೆದಿದ್ದ ಗಂಡನ ಹೆಸರು ಕೇಳಿದಳು. ನಾವಿಬ್ಬರೂ ಬಾಯಿ ಬಿಡಲಿಲ್ಲ.

“ಎಂತ ಮಾರಾಯ್ರೆ, ಗಂಡನ ಹೆಸರು ಮರ್ತುಹೋಯ್ತಾ?”

“ಮನಿಯವರ ಹೆಸರು ಹ್ಯಾಂಗ ಹೇಳೂದ್ರೀ ಅಕ್ಕಾರ?” ಎಂದು ಅವಳು ಬಾಯಿಗೆ ಸೆರಗು ಇಟ್ಟುಕೊಂಡಳು. ನಾನು ಕಿಟಕಿ ಕಡೆ ನೋಡಿದೆ. ನರ್ಸ್ ನಕ್ಕು, ಎರಡೂ ಪಟ್ಟಿಗಳನ್ನು ಅಂದಾಜಿನ ಮೇಲೆ ಕಟ್ಟಿ ಹೋದಳು. ಅಷ್ಟು ದೊಡ್ಡ ಯಂತ್ರದ ಬುದ್ಧಿ ಅಲ್ಲಿಗೇ ಮುಗಿಯಿತು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಇನ್ನೊಬ್ಬ ನರ್ಸ್ ಬೆಳಕು ಹಿಡಿದಳು. ಕುಂಯ್ ಎಂದಿತು. ಪೆನ್ನು ತೆಗೆದು ನನ್ನ ಬಲಹುಬ್ಬಿನ ಮೇಲೆ ಗುರುತು ಹಾಕಲು ಬಂದಳು. ನನಗೆ ಆಗ ಸರಿಯಾಗಿ ಕಾಣುತ್ತಿದ್ದದ್ದು ಆ ಕಣ್ಣೊಂದೇ.

“ನನ್ನದು ಎಡಗಣ್ಣು,” ಎಂದೆ, ಸಣ್ಣ ಸ್ವರದಲ್ಲಿ.

“ಇದರಲ್ಲಿ ಬಲ ಅಂತ ಉಂಟಲ್ವಾ ಅಮ್ಮ. ಮನುಷ್ಯರಿಗೆ ತಪ್ಪಬಹುದು, ಕಂಪ್ಯೂಟರಿಗೆ ತಪ್ಪುವುದಿಲ್ಲ.”

ಪರದೆಯಲ್ಲಿದ್ದದ್ದು ಇಂಗ್ಲಿಷು, ನನ್ನದು ಊರಿನ ಶಾಲೆಯ ಓದು. “ಗಂಡನ ಹೆಸರು ಎಂತ ಉಂಟು? ಓದಿ,” ಎಂದೆ.

ಓದಿದಳು. ಕಂಪ್ಯೂಟರ್ ನನ್ನನ್ನು ಗಾರೆಯವನಿಗೆ ಮದುವೆ ಮಾಡಿಕೊಟ್ಟಿತ್ತು.

“ಅವರು ನನ್ನ ಗಂಡ ಅಲ್ಲ.”

“ಮತ್ತೆ ಯಾರು? ನೀವು ಹೇಳದೆ ನಾನು ಹೇಗೆ ಸರಿಮಾಡುವುದು?”

ನಿಮ್ಮ ಅಜ್ಜ ಬದುಕಿದ್ದಾಗ ಒಮ್ಮೆಯೂ ಹೇಳದ ಅವರ ಹೆಸರನ್ನು ಹೇಳಿದೆ. “ಜೋರಾಗಿ,” ಎಂದಳು. ಜೋರಾಗಿಯೂ ಹೇಳಿದೆ.

ಪಟ್ಟಿ ಬದಲಾಯಿತು. ಅಷ್ಟರಲ್ಲಿ ಬಂದ ಡಾಕ್ಟರು ವಿಷಯ ಕೇಳಿ, “ನೋಡಿದ್ರಾ ಅಮ್ಮ, ಕಂಪ್ಯೂಟರ್ ಇದ್ದದ್ದಕ್ಕೆ ತಪ್ಪು ಸಿಕ್ಕಿತು,” ಎಂದರು. ಕರುವಿನ ಬೆನ್ನು ಸವರುವ ಹಾಗೆ ಅದನ್ನು ಸವರಿದರು ಕೂಡ.

ನನ್ನ ಎರಡು ಕಣ್ಣೂ ಉಳಿದವು. ಅಜ್ಜನ ಹೆಸರು ಹೇಳಿ ಎಂದು ನನ್ನನ್ನು ಕಾಡುತ್ತೀರಲ್ಲ, ಅದನ್ನು ನಿಮ್ಮ ಅಮ್ಮನ ಹತ್ತಿರ ಕೇಳಿಕೊಳ್ಳಿ. ಆ ಪೆಟ್ಟಿಗೆಗೆ ಹೇಳಿದ್ದೇ ಸಾಕು.