ಸೊಪ್ಪು ಹೊದ್ದ ಬೊಡ್ಡೆ

ಸಿರಿಲ್ ಪೆಂಗೆಲಿ ಯಾರನ್ನೂ ನಂಬದ ಮನುಷ್ಯ. ಇದನ್ನು ಮೃದುವಾಗಿ ಹೇಳುವುದರಲ್ಲಿ ಅರ್ಥವಿಲ್ಲ. ಹೆಂಡತಿ ಬದುಕಿದ್ದಾಗ ಅವಳು ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುತ್ತಿದ್ದ. ಅವನು ಯಾರದಾದರೂ ತಪ್ಪನ್ನು ಕಂಡೂ ಕಾಣದಂತೆ ಬಿಟ್ಟದ್ದನ್ನು ಮಾಂಗಾಕಾರೆ ಕಣಿವೆಯಲ್ಲಿ ಒಬ್ಬರೂ ನೋಡಿರಲಿಲ್ಲ.

ಇಪ್ಪತ್ತಾರು ವರ್ಷ ಅವನು ಬೆಣ್ಣೆ ಕಾರ್ಖಾನೆಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವನು. ಬೆಳಗಾದರೆ ಕಣಿವೆಯ ರೈತರೆಲ್ಲ ಕ್ಯಾನುಗಳನ್ನು ಇಳಿಸಿ ಅವನ ಮುಂದೆ ನಿಲ್ಲಬೇಕಾಗಿತ್ತು. ನೀರು ಬೆರೆಸಿದವನನ್ನು ಹಾಲಿಗಿಂತ ಮೊದಲು ಮುಖ ನೋಡಿಯೇ ಹಿಡಿಯುತ್ತೇನೆ ಎನ್ನುತ್ತಿದ್ದ. ಹಿಡಿದದ್ದೂ ಉಂಟು. ಇಂಥ ಕೆಲಸದಿಂದ ನಿವೃತ್ತನಾದವನನ್ನು ಊರಿನ ಕಾಡು ಸಮಿತಿ ಕಾವಲಿಗೆ ನೇಮಿಸಿತು. ಸಂಬಳವಿಲ್ಲದ ಹುದ್ದೆ. ಅವನು ಎರಡನೆಯ ಮಾತಿಲ್ಲದೆ ಒಪ್ಪಿಕೊಂಡ.

ಕಾಡೆಂದರೆ ಹೊಳೆಯ ಬದಿಗೆ ಉದ್ದಕ್ಕೆ ಉಳಿದಿದ್ದ ಒಂದು ಪಟ್ಟಿ. ಮಿಕ್ಕದ್ದನ್ನೆಲ್ಲ ಹಿಂದಿನ ತಲೆಮಾರಿನವರು ಸುಟ್ಟು ಹುಲ್ಲುಗಾವಲು ಮಾಡಿದ್ದರು. ಪೆಂಗೆಲಿಯ ಅಪ್ಪನೂ ಸುಟ್ಟವನೇ. ಉಳಿದಷ್ಟನ್ನು ಜನರು ನೋಡಿ ಸಂತೋಷಪಡಲೆಂದು ಸರಕಾರ ಕಾಯ್ದಿರಿಸಿತ್ತು. ಭಾನುವಾರ ಪಟ್ಟಣದವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಹೋಗುವಾಗ ಅವರ ಬುಟ್ಟಿಗಳನ್ನು ಪೆಂಗೆಲಿ ಗೇಟಿನಲ್ಲಿ ಬಿಚ್ಚಿಸುತ್ತಿದ್ದ. ಒಮ್ಮೆ ಪಾದ್ರಿಯ ಹೆಂಡತಿಯ ಬುಟ್ಟಿಯಲ್ಲಿ, ತಿಂದು ಉಳಿದ ಸ್ಕೋನ್ ಬನ್ನುಗಳ ಅಡಿಯಲ್ಲಿ, ಬೇರುಸಹಿತ ಕಿತ್ತ ಮೂರು ಜರಿಗಿಡಗಳು ಸಿಕ್ಕವು. ಅಂದಿನಿಂದ ಅವನ ಗುಮಾನಿಯನ್ನು ಯಾರೂ ರೋಗ ಎನ್ನಲಿಲ್ಲ.

ಆದರೆ ಕಾಡು ಬಡವಾಗುತ್ತಿತ್ತು. ಪಟ್ಟಿ ತೀರ ಕಿರಿದು. ಪಡುವಣ ಗಾಳಿ ಒಳಗೆ ನುಗ್ಗಿ ದೊಡ್ಡ ರಿಮು ಮರಗಳ ತುದಿಯನ್ನು ಒಣಗಿಸುತ್ತಿತ್ತು. ಆ ಪಕ್ಕಕ್ಕೆ ಲೆನ್ ಹಾಸ್ಕಿನ್‌ನ ನಲವತ್ತು ಎಕರೆ ಇತ್ತು, ಕೊಡಲಿ ಕಾಣದ ಕಾಡು. ಅದು ಸೇರಿದರೆ ಗಾಳಿಗೆ ಗೋಡೆ ಕಟ್ಟಿದಂತೆ. ಹನ್ನೊಂದು ವರ್ಷದಿಂದ ಪೆಂಗೆಲಿಯ ಕಣ್ಣು ಅದರ ಮೇಲಿತ್ತು. ಲೆನ್ ಸತ್ತಾಗ ಉಯಿಲಿನಲ್ಲಿ ಅದನ್ನು ಈ ಕಾಯ್ದಿರಿಸಿದ ಕಾಡಿಗೆ ಸೇರಿಸಲೆಂದು ಊರಿಗೇ ಬಿಟ್ಟಿದ್ದ. ಶರತ್ತು ಒಂದೇ: ಒಂದು ವರ್ಷದೊಳಗೆ ಸರಕಾರ ಸ್ವೀಕರಿಸಬೇಕು. ಇಲ್ಲವಾದರೆ ತಮ್ಮ ಬರ್ಟ್‌ಗೆ. ಬರ್ಟ್ ಆಗಲೇ ಮರ ಮಾರುತ್ತೇನೆಂದು ಸಾಮಿಲ್ಲಿನವನಿಗೆ ಮಾತು ಕೊಟ್ಟಿದ್ದ.

ಸರಕಾರ ಹನ್ನೊಂದು ತಿಂಗಳು ಕಾಗದ ಓದಿತು. ಕೊನೆಗೆ ರಾಜಧಾನಿ ವೆಲಿಂಗ್ಟನ್ನಿನಿಂದ ಒಬ್ಬ ಅಧಿಕಾರಿ ಗುರುವಾರ ಬರುತ್ತಾನೆಂದು ತಿಳಿಯಿತು. ಶುಕ್ರವಾರ ವರ್ಷ ತುಂಬುತ್ತಿತ್ತು. ನಿಯಮ ಸ್ಪಷ್ಟವಾಗಿತ್ತು: ಲೆನ್ ಸತ್ತ ಮೇಲೆ ಅಲ್ಲಿ ಮರ ಕಡಿದಿದ್ದರೆ ಹೊಸದಾಗಿ ವಿಚಾರಣೆ ಆಗಬೇಕು. ವಿಚಾರಣೆಗೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಕಾಡು ಬರ್ಟ್‌ನ ಪಾಲು.

ಬೇರೆಯವನಾಗಿದ್ದರೆ ಖುಷಿಪಟ್ಟು ಗುರುವಾರಕ್ಕೆ ಕಾಯುತ್ತಿದ್ದ. ಪೆಂಗೆಲಿ ಮಂಗಳವಾರವೇ, ಯಾರಿಗೂ ಹೇಳದೆ, ಹಾಸ್ಕಿನ್‌ರ ಕಾಡು ಹೊಕ್ಕ. ಪುಕ್ಕಟೆ ನಲವತ್ತು ಎಕರೆ ಯಾರು ಕೊಡುತ್ತಾರೆ? ಎಲ್ಲೋ ನೀರು ಬೆರೆತಿದೆ.

ಕಾಲುದಾರಿ ಕವಲೊಡೆಯುವಲ್ಲಿ ಎಡಕ್ಕೆ ಹೊರಳಿ ನೂರು ಹೆಜ್ಜೆ ಹೋದ ಮೇಲೆ ಸಿಕ್ಕಿತು. ಮೇಲಿನ ಆಕಾಶ ಒಂದಿಷ್ಟು ಹೆಚ್ಚಾಗಿತ್ತು; ಅದರಿಂದಲೇ ಗೊತ್ತಾಯಿತು. ಕೆಳಗೆ ಒಣಗಿ ಕಂದಿದ ಜರಿಸೊಪ್ಪಿನ ರಾಶಿ. ಸೊಪ್ಪು ತಾನಾಗಿ ಬಿದ್ದದ್ದಲ್ಲ, ಒಂದರ ಮೇಲೊಂದು ಜೋಡಿಸಿದ್ದು. ಕೋಲಿನಿಂದ ಸರಿಸಿದ. ಒಳಗೆ ತೊತಾರಾ ಮರದ ಕೆಂಪು ಬೊಡ್ಡೆ, ಇಬ್ಬರು ತಬ್ಬಿದರೂ ಸಾಲದು. ಕಡಿದು ಆರೇಳು ತಿಂಗಳಾಗಿರಬೇಕು.

"ಬಚ್ಚಿಟ್ಟಿದ್ದಾರೆ," ಎಂದು ಗಟ್ಟಿಯಾಗಿಯೇ ಹೇಳಿದ. ಜೇಬಿನಿಂದ ದಾರ ತೆಗೆದು ಬೊಡ್ಡೆಯ ಸುತ್ತಳತೆ ಹಿಡಿದು ಗಂಟು ಹಾಕಿಕೊಂಡ.

ಲೆನ್‌ನ ಹೆಂಡತಿ ನೋಲಾ ಹಾಸ್ಕಿನ್ ಅಡಿಗೆಮನೆಯಲ್ಲಿ ಪ್ಲಮ್ ಹಣ್ಣಿನ ಜಾಮ್ ಕುದಿಸುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ. ಹಿಂದೆ ಅವಳ ಹಾಲನ್ನೂ ಅವನು ಎರಡು ಸಲ ವಾಪಸು ಕಳಿಸಿದ್ದ.

"ತೊತಾರಾ ಎಲ್ಲಿಗೆ ಹೋಯ್ತು, ಮಿಸೆಸ್ ಹಾಸ್ಕಿನ್?"

"ನನ್ನ ಕಾಡಿಗೆ ಹೇಳದೆ ಕೇಳದೆ ನುಗ್ಗಿದ್ರಾ, ಮಿಸ್ಟರ್ ಪೆಂಗೆಲಿ?"

"ಮರ ಎಲ್ಲಿ ಅಂತ ಕೇಳ್ದೆ."

"ಮರಾಯೆಯಲ್ಲಿದೆ. ಸಭಾಮನೆ ಕಂಬ ಹುಳು ತಿಂದು ಹೋಗಿತ್ತು. ಲೆನ್ ಬದುಕಿದ್ದಾಗ್ಲೇ ಒಂದು ಮರ ಕೊಡ್ತೀನಿ ಅಂದಿದ್ದ. ಸತ್ತವನ ಮಾತು, ನಡೆಸ್ದೆ. ನಂಬಲ್ಲ ಅಲ್ವಾ? ಹೋಗಿ ಕಂಬ ಕೆತ್ತೋ ಹೊಹೆಪಾನ್ನೇ ಕೇಳಿ." ಸೌಟು ಆಡಿಸುತ್ತಲೇ ಸೇರಿಸಿದಳು: "ಗುರುವಾರ ಆಫೀಸರ ಕಿವಿಯಲ್ಲಿ ಊದೋದು ನಿಮ್ಮಿಷ್ಟ. ಇಡೀ ಜನ್ಮ ಅದನ್ನೇ ಮಾಡಿದ್ದೀರಿ."

ಆ ನಾಡಿನ ಮೂಲನಿವಾಸಿ ಮಾವೊರಿಗಳ ಸಭಾಮನೆ ಇರುವ ಅಂಗಳವೇ ಮರಾಯೆ. ಹೊಳೆ ದಾಟಿದರೆ ಸಿಗುತ್ತದೆ. ಅಲ್ಲಿ ಚಪ್ಪರದಡಿ ಹೊಹೆಪಾ ಉಳಿ ಹಿಡಿದು ಕೂತಿದ್ದ. ಪೆಂಗೆಲಿಗಿಂತ ಹತ್ತು ವರ್ಷ ಹಿರಿಯ. ರಸ್ತೆ ಕೆಲಸ ಮಾಡಿ ಬೆನ್ನು ಬಾಗಿದ್ದರೂ ಕೈ ನಡುಗುತ್ತಿರಲಿಲ್ಲ. ಅವನ ಮುಂದೆ ಕೆಂಪು ದಿಮ್ಮಿಯಲ್ಲಿ ಅರ್ಧ ಮುಖ ಮೂಡಿತ್ತು.

"ಬಾ ಸಿರಿಲ್. ಹಾಲಿಲ್ಲಪ್ಪ ಇಲ್ಲಿ, ಪರೀಕ್ಷೆ ಮಾಡೋಕೆ."

ಪೆಂಗೆಲಿ ದಿಮ್ಮಿಯ ಬುಡಕ್ಕೆ ದಾರ ಸುತ್ತಿದ. ಗಂಟು ಒಂದಂಗುಲ ಕಡಿಮೆಯೂ ಬೀಳದೆ ಸೇರಿತು. ಹೊಹೆಪಾ ಉಳಿ ಕೆಳಗಿಟ್ಟು ನೋಡಿದ.

"ಕತ್ತು ಬಿಗಿಯೋಕೆ ನೋಡ್ತಿದ್ದೀಯಾ, ಇಲ್ಲಾ ಅಂಗಿ ಹೊಲಿಸ್ತೀಯಾ?"

"ಬೊಡ್ಡೆ ಬಚ್ಚಿಟ್ಟದ್ದು ಯಾಕೆ?"

"ಯಾರು ಬಚ್ಚಿಟ್ರು?"

"ಸೊಪ್ಪು ಮುಚ್ಚಿದ್ದೀರಲ್ಲ! ತಪ್ಪಿಲ್ಲದವ್ನು ಯಾಕೆ ಮುಚ್ತಾನೆ?"

ಹೊಹೆಪಾ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿದ. "ನಿನ್ನ ಹೆಂಡತಿ ಹೋದಾಗ ಅವಳ ಮೈಮೇಲೆ ಬಟ್ಟೆ ಹೊದಿಸಿದ್ದೆಯಲ್ಲ. ಕದ್ದ ಮಾಲು ಬಚ್ಚಿಡೋಕಾ ಹೊದಿಸಿದ್ದು?"

ಪೆಂಗೆಲಿ ದಾರ ಸುತ್ತಿ ಜೇಬಿಗೆ ಹಾಕಿಕೊಂಡ.

"ಕಾಡಿನ ದೊಡ್ಡ ಮಗನನ್ನ ಕಡಿದ್ವಿ. ಗಾಯಕ್ಕೆ ಸೊಪ್ಪು ಹೊದಿಸಿ ಬಂದ್ವಿ. ನಮ್ಮಜ್ಜ ಮಾಡ್ತಿದ್ದ, ಅವನಜ್ಜ ಮಾಡ್ತಿದ್ದ. ನಿಮ್ಮಪ್ಪ ಇಡೀ ಗುಡ್ಡ ಸುಟ್ನಲ್ಲ, ಒಂದು ಎಲೆ ಹೊದಿಸಿದ್ನಾ?"

"ತುದಿ ಎಲ್ಲಿ?" ಎಂದ ಪೆಂಗೆಲಿ. "ಇದು ಬುಡ. ಮೇಲಿನ ಮೂವತ್ತು ಅಡಿ ಏನಾಯ್ತು?"

"ನೋಲಾಗೆ ಬೇಲಿ ಗೂಟ ಸೀಳಿ ಕೊಟ್ವಿ. ದನ ಕಾಡಿಗೆ ಹೋಗದ ಹಾಗೆ."

ಅಲ್ಲಿಗೆ ಸಿಕ್ಕಿತು. ಇಷ್ಟು ಹೊತ್ತು ಅವನು ಹುಡುಕುತ್ತಿದ್ದ ನೀರು ಅದೇ. ಕೊಟ್ಟ ಮಾತು ಒಂದು ಕಂಬಕ್ಕೆ. ಗೂಟ ಬಂದದ್ದು ನೋಲಾಳ ಬೇಲಿಗೆ. ಕಾರ್ಖಾನೆಯಲ್ಲಾದರೆ ಲೋಟ ನೀರಿಗೂ ಅವನು ಕ್ಯಾನು ವಾಪಸು ಕಳಿಸುತ್ತಿದ್ದ. ಬುಧವಾರ ಹೋಗಿ ಹೊಸ ಬೇಲಿಯ ಗೂಟಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದು ನೋಡಿದ. ತೊತಾರಾವೇ. ಎಲ್ಲವೂ ಕಾಡಿನ ಅಂಚಿಗೇ ನಿಂತಿದ್ದವು. ಕೊಟ್ಟಿಗೆಗೆ, ಹಿತ್ತಿಲಿಗೆ ಒಂದೂ ಹೋಗಿರಲಿಲ್ಲ. ಅಷ್ಟಾದರೂ ಸಮಾಧಾನವಾಗದೆ ಸೌದೆ ಮನೆಗೂ ಇಣುಕಿದ. ನೋಲಾ ಕಿಟಕಿಯಿಂದ ನೋಡುತ್ತಿದ್ದಳು. ಪರದೆ ಎಳೆದುಕೊಂಡಳು.

ಗುರುವಾರ ಅಧಿಕಾರಿ ಲಾಫ್ಟನ್ ಬಂದ. ಎಳೆಯ ವಯಸ್ಸು, ಪಟ್ಟಣದ ಬೂಟು, ಕಂಕುಳಲ್ಲಿ ಫೈಲು. ನೋಲಾ ಇಬ್ಬರಿಗಿಂತ ಹತ್ತು ಹೆಜ್ಜೆ ಹಿಂದೆ ಕೈಕಟ್ಟಿ ನಡೆದಳು. ಪೆಂಗೆಲಿಯ ಬೆನ್ನನ್ನು ಅವಳು, ಅಧಿಕಾರಿಯ ಫೈಲನ್ನು ಪೆಂಗೆಲಿ ನೋಡುತ್ತಿದ್ದರು.

"ನಿಮ್ಮ ವರದಿ ಮೇಲೆ ಎಲ್ಲಾ ನಿಂತಿದೆ, ಮಿಸ್ಟರ್ ಪೆಂಗೆಲಿ," ಎಂದ ಲಾಫ್ಟನ್. "ನಿಮ್ಮ ಕಣ್ಣು ತಪ್ಪಿಸಿ ಒಂದು ಎಲೆ ಕೂಡ ಅಲ್ಲಾಡಲ್ಲ ಅಂತ ಆಫೀಸಲ್ಲಿ ಎಲ್ಲರೂ ಹೇಳ್ತಾರೆ."

"ಹೇಳ್ತಾರೆ."

"ಮರ ಏನಾದ್ರೂ ಬಿದ್ದಿದೆಯಾ, ಈ ವರ್ಷ?"

"ಗಾಳಿಗೆ ಬೀಳ್ತಾವೆ," ಎಂದ ಪೆಂಗೆಲಿ. ಅದು ಸುಳ್ಳಲ್ಲ. ಹಿಂದೆ ನೋಲಾಳ ಹೆಜ್ಜೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಕವಲು ಬಂತು. ಲಾಫ್ಟನ್ ನಿಂತು ಎಡಕ್ಕೆ ಕತ್ತು ಚಾಚಿದ. "ಆ ಕಡೆ ಬೆಳಕು ಜಾಸ್ತಿ ಇದೆ. ಅಲ್ಲೇನು?"

ಗೂಟಗಳ ವಿಷಯ ಪೆಂಗೆಲಿಯ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಬ್ಬರ ತಪ್ಪನ್ನು ಬಾಯೊಳಗೇ ಅಡಗಿಸಿಟ್ಟುಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

"ಜವುಗು," ಎಂದ. "ಮೊಣಕಾಲಿನವರೆಗೂ ಹೂತು ಹೋಗ್ತೀರಿ. ಬೂಟು ಹಾಳಾಗತ್ತೆ."

ಲಾಫ್ಟನ್ ಇನ್ನೂ ನೋಡುತ್ತಲೇ ಇದ್ದ. ಪೆಂಗೆಲಿ ಕೈ ನೀಡಿ ಅವನ ಮೊಣಕೈ ಹಿಡಿದ. ಎಡವುವ ಕುರುಡನನ್ನು ಹಿಡಿಯುವಷ್ಟೇ ಮೆಲ್ಲಗೆ, ಬಿಡದಷ್ಟು ಬಿಗಿಯಾಗಿ. ಹಿಡಿದು ಬಲಕ್ಕೆ ತಿರುಗಿಸಿದ.